ಶಕ್ತಿತಸ್ತಪ ಮತ್ತು ಮಧುಮೇಹಿ

ಉಂಡ ಅನ್ನವು ಗ್ಲೂಕೋಸ್ ಆಗಿ ರಕ್ತವನ್ನು ಸೇರಿದೊಡನೆ ಮೇದೋಜೀರಕಾಂಗವು ಇನ್ಸುಲಿನ್ನನ್ನು ಸ್ರವಿಸುತ್ತದೆ. ಅದು ಸ್ನಾಯುಕೋಶದ ಹೊರಪೊರೆಯ ಗ್ರಾಹಕವನ್ನು ಕೂಡಿದಾಗ, ಕೋಶದೊಳಗಿದ್ದ ವಾಹಕ ಪ್ರೋಟೀನುಗಳು ಪೊರೆಗೆ ಬಂದು ಸಕ್ಕರೆಗೆ ದಾರಿಯಾಗುತ್ತವೆ. ಒಳಬಂದ ಸಕ್ಕರೆಯು ಗ್ಲೈಕೋಜನ್ ಆಗಿ ಸಂಗ್ರಹಗೊಳ್ಳುತ್ತದೆ. ಉಪವಾಸದಂದು ಇನ್ಸುಲಿನ್ ತಗ್ಗುತ್ತದೆ. ಸ್ನಾಯುವು ಹೆಚ್ಚಾಗಿ ಕೊಬ್ಬನ್ನು ಬಳಸುತ್ತದೆ, ಯಕೃತ್ತು ತನ್ನ ಸಂಗ್ರಹವನ್ನು ರಕ್ತಕ್ಕೆ ನೀಡಿ ಮಿದುಳನ್ನು ಪೋಷಿಸುತ್ತದೆ.

ಆರೋಗ್ಯವಂತನ ಉಪವಾಸವನ್ನು ಈ ಏರಿಳಿತವೇ ಕಾಯುತ್ತದೆ. ದೇಹದಲ್ಲಿ ಇನ್ಸುಲಿನ್ನೇ ಹುಟ್ಟದ ಮಧುಮೇಹಿಗೆ ಈ ಕಾವಲಿಲ್ಲ. ಎಂದಿನಂತೆ ಚುಚ್ಚುಮದ್ದು ಪಡೆದು ಉಣ್ಣದಿದ್ದರೆ ಸಕ್ಕರೆ ಕುಸಿದು ಮೂರ್ಛೆ ಬರಬಹುದು. ಮದ್ದನ್ನೇ ಬಿಟ್ಟರೆ ರಕ್ತವು ಆಮ್ಲಮಯವಾಗಿ ಪ್ರಾಣಕ್ಕೇ ಸಂಚಕಾರ. ಅಂತಹ ಶ್ರಾವಕನು ದಶಲಕ್ಷಣ ಪರ್ವದಲ್ಲಿ ಅನಶನ ಮಾಡದಿದ್ದರೆ ವ್ರತಹೀನನೇ?

ಖಂಡಿತ ಅಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ಶಕ್ತ್ಯನುಸಾರವೆಂದೇ ಹೇಳಿದೆ. ಇದ್ದ ಶಕ್ತಿಯನ್ನು ಮರೆಮಾಚಬಾರದು. ಇಲ್ಲದುದನ್ನು ಇದೆಯೆಂದು ತೋರಲೂ ಬಾರದು. ಬಾಹ್ಯ ತಪಗಳು ಆರು, ಅನಶನವು ಅವುಗಳಲ್ಲೊಂದು. ವೈದ್ಯರನ್ನು ಕೇಳಿ ತುಪ್ಪವನ್ನೋ ಉಪ್ಪನ್ನೋ ತ್ಯಜಿಸುವ ರಸಪರಿತ್ಯಾಗವೂ ತಪವೇ. ಹತ್ತು ಜನರ ಹೊಗಳಿಕೆಗಾಗಿ ಮದ್ದನ್ನು ಬಿಡುವುದಾದರೋ ಮಾನಕಷಾಯ. ಉಪವಾಸಗಳನ್ನು ಎಣಿಸಿ ಹೊಗಳುವ ಮನೆಮಂದಿಯೂ ಇದನ್ನು ನೆನೆಯಬೇಕು.