ಪಿನ್ನು ಬಿಚ್ಚಿ ತೆಗೆದ ನಡುಪುಟ

ಸ್ಪೋರ್ಟ್‌ಸ್ಟಾರ್ ಪತ್ರಿಕೆಯ ನಡುಪುಟ ತೆಗೆಯುವುದಕ್ಕೆ ಒಂದು ಕ್ರಮವಿತ್ತು. ಎಳೆದರೆ ಹರಿಯುತ್ತದೆ. ಪತ್ರಿಕೆಯನ್ನು ಸರೀ ಮಧ್ಯಕ್ಕೆ ಬಿಡಿಸಿ ನೆಲದ ಮೇಲಿಟ್ಟು, ಪಿನ್ನಿನ ಕಾಲುಗಳನ್ನು ಬ್ಲೇಡಿನ ತುದಿಯಿಂದ ಮೆಲ್ಲನೆ ಎಬ್ಬಿಸಿ, ಚಿತ್ರವನ್ನು ನೇರಕ್ಕೆ ಮೇಲೆತ್ತಿ, ಮತ್ತೆ ಪಿನ್ನು ಮಡಚಬೇಕು. ಇಷ್ಟು ಜಾಗ್ರತೆ ಮಾಡಿದರೂ ಪಿನ್ನಿನ ತೂತುಗಳು ಚಿತ್ರದ ನಡುವೆ ಉಳಿದೇ ಉಳಿಯುತ್ತಿದ್ದವು. ಕಪಿಲ್ ದೇವ್ ಎಷ್ಟೇ ಚಂದ ನಕ್ಕಿರಲಿ, ಎದೆಯ ಮೇಲೆ ತೂತು. ನಡುಪುಟ ಹೋದ ಮೇಲೆ ಉಳಿದ ಪತ್ರಿಕೆ ಹೆಣಿಗೆ ಸಡಿಲಿದ ಬುಟ್ಟಿಯಂತೆ ಸೊರಗಿ ಮೂಲೆ ಸೇರುತ್ತಿತ್ತು.

1978ರ ಜುಲೈಯಲ್ಲಿ ಮದ್ರಾಸಿನ ಹಿಂದೂ ಬಳಗ ಹೊರತಂದ ವಾರಪತ್ರಿಕೆ ಅದು. ಅದಕ್ಕೆ ಎದುರಾಳಿಯಾಗಿ ಕಲ್ಕತ್ತೆಯ ಆನಂದಬಜಾರ್ ಬಳಗದ ಸ್ಪೋರ್ಟ್ಸ್‌ವರ್ಲ್ಡ್ ಇತ್ತು, ಅದರ ಸಂಪಾದಕರು ಸ್ವತಃ ಮನ್ಸೂರ್ ಅಲಿ ಖಾನ್ ಪಟೌಡಿ. ಎರಡೂ ಇಂಗ್ಲಿಷು. ನಮ್ಮ ಕಡೆಯ ಮೂಡುಬಿದಿರೆಗಾಗಲಿ ಬೆಳ್ತಂಗಡಿಗಾಗಲಿ ರೈಲಿಲ್ಲ. ಬಂಟ್ವಾಳಕ್ಕೆ ರೈಲಿದ್ದರೂ ಪತ್ರಿಕೆಯ ಕಟ್ಟುಗಳು ನಂಬಿದ್ದು ಬಸ್ಸನ್ನೇ. ಮಂಗಳೂರಿನಿಂದ ಹೊರಟ ಬಸ್ಸಿನ ಟಾಪಿನಲ್ಲೋ ಡ್ರೈವರನ ಪಕ್ಕದಲ್ಲೋ ಕುಳಿತು ಬಂದು, ಸ್ಟ್ಯಾಂಡಿನ ಅಂಗಡಿಯ ಹಗ್ಗದಲ್ಲಿ ಕ್ಲಿಪ್ಪು ಕಚ್ಚಿಸಿಕೊಂಡು ನೇತಾಡುತ್ತಿದ್ದವು. ಒಂದಕ್ಕಿಂತ ಹೆಚ್ಚು ಪ್ರತಿ ತರಿಸುವ ಅಂಗಡಿಗಳು ಕಡಿಮೆ. "ಅಣ್ಣ, ಸ್ಪೋರ್ಟ್‌ಸ್ಟಾರ್ ಬಂತಾ?" ಎಂದರೆ "ಬಂದದ್ದು ಉಂಟು, ಡಾಕ್ಟ್ರಿಗೆ ತೆಗೆದಿಟ್ಟದ್ದು, ನೀನು ಬರೀ ನೋಡು ಮಾರಾಯ" ಎಂಬ ಉತ್ತರ. ನೋಡುವುದಕ್ಕೆ ದುಡ್ಡು ಕೊಡಬೇಕಿರಲಿಲ್ಲ. ಹೊಸ ಸಂಚಿಕೆ ಡಾಕ್ಟರಿಗೆ, ಹಳೆಯದು ನಮಗೆ. ಅವರ ಮನೆಯಿಂದ ಗುಜರಿ ಅಂಗಡಿಗೆ ಹೋಗುವ ದಾರಿಯಲ್ಲಿ ಅದನ್ನು ಹಿಡಿದವನು ಗೆದ್ದ.

ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಅದರ ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಯಾರಿಗೂ ಅದೊಂದು ಕೊರತೆ ಅನ್ನಿಸಲಿಲ್ಲ. ಬೇಕಾದದ್ದು ಚಿತ್ರ. ನಮ್ಮ ಈ ಮೂರೂ ತಾಲೂಕುಗಳಲ್ಲಿ ಬೀಡಿ ಕಟ್ಟುವ ಮನೆಗಳು ಎಷ್ಟು ಎಂಬುದು ಗೊತ್ತೇ ಇದೆ. ಎಲೆ ಕತ್ತರಿಸುವ ಆ ಕತ್ತರಿಯಷ್ಟು ಹರಿತದ್ದು ಮನೆಯಲ್ಲಿ ಇನ್ನೊಂದಿಲ್ಲ. ಅಮ್ಮ ಬ್ರ್ಯಾಂಚಿಗೆ ಬೀಡಿ ಕೊಡಲು ಹೋದ ಹೊತ್ತು ನೋಡಿ ಆ ಕತ್ತರಿಯಲ್ಲೇ ರೋಜರ್ ಬಿನ್ನಿ, ಕಿರ್ಮಾನಿ, ಸ್ಟೆಫಿ ಗ್ರಾಫ್, ಮರಡೋನ ಎಲ್ಲರೂ ಪತ್ರಿಕೆಯಿಂದ ಬಿಡುಗಡೆಯಾಗುತ್ತಿದ್ದರು. ಅಂಗಿಯ ಪೆಟ್ಟಿಗೆಯ ರಟ್ಟನ್ನು ಒಂದೇ ಅಳತೆಗೆ ತುಂಡು ಮಾಡಿ, ಅನ್ನದ ಅಗುಳು ಹಿಸುಕಿ ಅಂಟಿಸಿ, ಹಾಸಿಗೆಯ ಅಡಿಗೆ ಒಂದು ರಾತ್ರಿ ಇಟ್ಟರೆ ಬೆಳಿಗ್ಗೆ ಕಾರ್ಡು ತಯಾರು. "ಕಾಗದ ಕತ್ತರಿಸಿದ್ದು ಯಾರು? ಇದರ ಬಾಯಿ ಹೋಯಿತು" ಎಂದು ಅಮ್ಮ ಕೂಗುವಾಗ ಕಾರ್ಡು ಶಾಲೆ ತಲುಪಿ ಆಗಿರುತ್ತಿತ್ತು. ಉಳಿದ ಹಾಳೆಗಳು ಜೂನಿನಲ್ಲಿ ನೋಟ್ ಪುಸ್ತಕಕ್ಕೆ ಬೈಂಡು. ವಿಜ್ಞಾನದ ಪುಸ್ತಕಕ್ಕೆ ಗಾವಸ್ಕರ್, ಸಮಾಜಕ್ಕೆ ಯಾರೋ ಹೆಸರು ಗೊತ್ತಿಲ್ಲದ ಹಾಕಿ ಆಟಗಾರ.

ಅಚ್ಚಾಗಿಯೇ ಬಂದ ಕಾರ್ಡುಗಳೂ ಇದ್ದವು. 1987ರ ರಿಲಯನ್ಸ್ ಕಪ್ಪಿನ ಹೊತ್ತಿಗೆ ಬಿಗ್ ಫನ್ ಬಬಲ್‌ಗಮ್ಮಿನ ಜೊತೆ ಆಟಗಾರರ ಚಿತ್ರ ಸಿಗುತ್ತಿತ್ತು, ಅದರ ಮೇಲೆ ಇಷ್ಟು ರನ್, ಇಷ್ಟು ವಿಕೆಟ್ ಎಂಬ ಲೆಕ್ಕ. ಕೂಡಿಸುತ್ತ ಹೋದರೆ ಬಹುಮಾನ. ಆಮೇಲೆ ಟ್ರಂಪ್ ಕಾರ್ಡು ಬಂತು, ಜಾತ್ರೆಯ ಸಂತೆಯಲ್ಲೂ ಸಿಗುತ್ತಿತ್ತು. ಒಬ್ಬ "ಸರಾಸರಿ" ಎಂದು ಕೂಗಿದರೆ ಇನ್ನೊಬ್ಬ ತನ್ನ ಕಾರ್ಡಿನ ಸರಾಸರಿ ತೋರಿಸಬೇಕು, ಹೆಚ್ಚಿದ್ದವನಿಗೆ ಎರಡೂ ಕಾರ್ಡು. ದಶಮಾಂಶದ ಲೆಕ್ಕದಲ್ಲಿ ಮೇಷ್ಟರು ಸೋತ ಕಡೆ ಈ ಕಾರ್ಡು ಗೆದ್ದಿತು. 1999ರಲ್ಲಿ ಬ್ರಿಟಾನಿಯಾದವರ "ಖಾವೋ, ವರ್ಲ್ಡ್ ಕಪ್ ಜಾವೋ" ಬಂದಾಗ ಬಿಸ್ಕೆಟಿನ ಹೊದಿಕೆಯ ಮೇಲೂ ರನ್ ಅಚ್ಚಾಯಿತು. ನೂರು ಕೂಡಿಸಿ ಕೊಟ್ಟರೆ ಉಜ್ಜಿ ನೋಡುವ ಒಂದು ಪುಸ್ತಿಕೆ. ಇಂಗ್ಲೆಂಡಿಗೆ ಹೋದವರನ್ನು ನಾನು ನೋಡಿಲ್ಲ. ಬಿಸ್ಕೆಟು ತಿಂದು ಹೊಟ್ಟೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಇಷ್ಟೆಲ್ಲ ಹೇಳಿದ್ದು ಅಮೆರಿಕದ ಒಂದು ಸಂಗತಿಯ ಪಕ್ಕದಲ್ಲಿ ಇಡುವುದಕ್ಕೆ. ಅಲ್ಲಿ ಬೇಸ್‌ಬಾಲ್ ಕಾರ್ಡು ಕೂಡಿಡುವುದು ನೂರು ವರ್ಷಕ್ಕೂ ಹಳೆಯ ಹುಚ್ಚು. ಜೇಮ್ಸ್ ಬೆಕೆಟ್ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ 1984ರಲ್ಲಿ ಒಂದು ಮಾಸಪತ್ರಿಕೆ ಶುರು ಮಾಡಿದ. ಅದರಲ್ಲಿ ಮುಖ್ಯವಾದದ್ದು ಲೇಖನವಲ್ಲ, ಧಾರಣೆ. ನಮ್ಮ ಪೇಪರಿನಲ್ಲಿ ಅಡಿಕೆ, ಕಾಳುಮೆಣಸಿನ ಧಾರಣೆ ಹಾಕುತ್ತಾರಲ್ಲ, ಹಾಗೆ ಯಾವ ಆಟಗಾರನ ಯಾವ ವರ್ಷದ ಕಾರ್ಡಿಗೆ ಕಡಿಮೆ ಎಂದರೆ ಎಷ್ಟು, ಹೆಚ್ಚೆಂದರೆ ಎಷ್ಟು ಎಂಬ ಎರಡು ಸಾಲು, ಏರಿದ್ದಕ್ಕೆ ಮೇಲೆ ನೋಡುವ ಬಾಣ. ಅದೇ ವರ್ಷ ಟಫ್ ಸ್ಟಫ್ ಎಂಬ ಇನ್ನೊಂದು ಹುಟ್ಟಿತು. ಅಂಗಡಿಯವನೂ ಹುಡುಗನೂ ಪತ್ರಿಕೆಯನ್ನು ನಡುವೆ ಇಟ್ಟುಕೊಂಡು ಚೌಕಾಸಿ ಮಾಡುತ್ತಿದ್ದರು. ಬೆಲೆ ಏರುತ್ತದೆಂಬ ಆಸೆಗೆ ಕಂಪನಿಗಳು ಲೆಕ್ಕವಿಲ್ಲದೆ ಕಾರ್ಡು ಅಚ್ಚು ಹಾಕಿದವು, ತೊಂಬತ್ತರ ದಶಕದಲ್ಲಿ ಬೆಲೆ ಕುಸಿಯಿತು. 1995ರಲ್ಲಿ ಇಬೇ ಬಂದ ಮೇಲಂತೂ ಈ ಕಾರ್ಡು ನಿನ್ನೆ ರಾತ್ರಿ ಎಷ್ಟಕ್ಕೆ ಹೋಯಿತು ಎಂಬುದು ಕಣ್ಣೆದುರೇ ಇತ್ತು. ತಿಂಗಳ ಹಿಂದಿನ ಧಾರಣೆಯನ್ನು ದುಡ್ಡು ಕೊಟ್ಟು ಯಾರು ಓದುತ್ತಾರೆ? ಟಫ್ ಸ್ಟಫ್ 2011ರಲ್ಲಿ ನಿಂತಿತು. ಕಾರ್ಡು ಮಾತ್ರ ಸಾಯಲಿಲ್ಲ. 2022ರಲ್ಲಿ ಮಿಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಒಂದು ಕಾರ್ಡು 1.26 ಕೋಟಿ ಡಾಲರಿಗೆ ಹೋಯಿತು, ಅಂದರೆ ನಮ್ಮ ನೂರು ಕೋಟಿ ರೂಪಾಯಿ.

ಅಲ್ಲಿ ಪತ್ರಿಕೆ ಕಾರ್ಡಿಗೆ ಬೆಲೆ ಕಟ್ಟಿತು. ನಮ್ಮಲ್ಲಿ ಪತ್ರಿಕೆಯೇ ಕಾರ್ಡು. ಅಲ್ಲಿ ಪತ್ರಿಕೆ ಹೋದರೂ ಸಂಗ್ರಹ ಉಳಿಯಿತು, ಯಾಕೆಂದರೆ ಸಂಗ್ರಹದ ಮಾಲು ಬೇರೆ ಕಡೆಯಿಂದ ಬರುತ್ತಿತ್ತು. ನಮ್ಮ ಹುಡುಗರಿಗೆ ಮಾಲು, ಮಾಹಿತಿ, ಮೋಹ ಬಹುಪಾಲು ಹಗ್ಗದಲ್ಲಿ ನೇತಾಡುವ ಆ ಒಂದು ಪ್ರತಿಯಿಂದಲೇ ಬರಬೇಕಿತ್ತು. ಹಗ್ಗ ಬರಿದಾದ ದಿನ ಹವ್ಯಾಸವೂ ಮುಗಿಯಿತು. ಯಾರೂ ಗಮನಿಸಲಿಲ್ಲ, ಏಕೆಂದರೆ ಬೆಲೆಯೇ ಇಲ್ಲದ್ದು ಬಿದ್ದುಹೋದರೆ ಸುದ್ದಿಯಾಗುವುದಿಲ್ಲ.

ಸ್ಪೋರ್ಟ್ಸ್‌ವರ್ಲ್ಡ್ ಎಂದೋ ಹೋಯಿತು. 1978ರಲ್ಲೇ ಹುಟ್ಟಿದ ಹಿಂದಿಯ ಕ್ರಿಕೆಟ್ ಸಾಮ್ರಾಟ್ 2020ರಲ್ಲಿ, ಲಾಕ್‌ಡೌನಿನ ಹೊಡೆತಕ್ಕೆ, 42 ವರ್ಷ ನಡೆದು ಬಾಗಿಲು ಹಾಕಿತು. ಸ್ಪೋರ್ಟ್‌ಸ್ಟಾರ್ ಇನ್ನೂ ಅಚ್ಚಾಗುತ್ತಿದೆ, ಮೊದಲಿನಂತೆ ವಾರವಾರವಲ್ಲ, ಹದಿನೈದು ದಿನಕ್ಕೊಮ್ಮೆ. ಬಂಟ್ವಾಳದ ಬಿ.ಸಿ. ರೋಡಿನ ಅಂಗಡಿಯಲ್ಲಿ ಕೇಳಿ ನೋಡಿ. ಹಗ್ಗ ಈಗಲೂ ಇದೆ, ಅದರಲ್ಲಿ ಶಾಂಪೂ ಸ್ಯಾಶೆ, ಚಿಪ್ಸಿನ ಸರ. ಅಂಗಡಿಯವರನ್ನು ದೂರುವ ಹಾಗಿಲ್ಲ. ಚಿಪ್ಸು ವಾಪಸು ಕಟ್ಟಿ ಏಜೆಂಟರಿಗೆ ಕಳಿಸುವ ಕೆಲಸವಿಲ್ಲ, ಅದರ ಕಮಿಷನ್ನಿನ ಲೆಕ್ಕಕ್ಕೆ ಜಗಳವಿಲ್ಲ.

ಹಾಗೆಂದು ಕಾಗದವೇ ಬೇಡವಾಯಿತು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಬೆಳ್ತಂಗಡಿಯಲ್ಲಿ ಸುದ್ದಿ ಬಿಡುಗಡೆ ವಾರಪತ್ರಿಕೆಗೆ ಈಗಲೂ ಓದುಗರಿದ್ದಾರೆ. ತನ್ನೂರಿನ ಪಂಚಾಯತ್ ಸಭೆಯಲ್ಲಿ ಯಾರು ಯಾರಿಗೆ ಏನೆಂದರು, ಯಾರ ಮಗಳ ಮದುವೆ, ಯಾರು ತೀರಿಹೋದರು ಎಂಬುದು ಬೇರೆ ಎಲ್ಲೂ ಅಷ್ಟು ಹತ್ತಿರದಿಂದ ಸಿಗದು. ಕ್ರೀಡಾಪತ್ರಿಕೆ ಕೊಡುತ್ತಿದ್ದದ್ದು ದೂರದ್ದು, ಲಾರ್ಡ್ಸಿನ ಹುಲ್ಲು, ವಿಂಬಲ್ಡನ್ನಿನ ಬಿಳಿ. ದೂರದ್ದನ್ನು ತಂದುಕೊಡುವ ಕೆಲಸವನ್ನು ಟೀವಿ ಮೊದಲು ಕಿತ್ತುಕೊಂಡಿತು, ಆಮೇಲೆ ಫೋನು.

ಇದ್ದ ಪ್ರತಿಗಳಾದರೂ ಉಳಿದವೋ? ನಮ್ಮ ಮಳೆಗಾಲ ಅದಕ್ಕೆ ಬಿಡುವುದಿಲ್ಲ. ಚಿತ್ರ ಹೊಳೆಯಬೇಕೆಂದು ಆರ್ಟ್ ಪೇಪರಿಗೆ ನುಣುಪು ಮಣ್ಣಿನ ಲೇಪ ಕೊಟ್ಟಿರುತ್ತಾರೆ. ಒಂದು ಆಟಿ ತಿಂಗಳು ತೇವ ಹಿಡಿದರೆ ಆ ಲೇಪ ಮೆದುವಾಗಿ ಹಾಳೆಗೆ ಹಾಳೆ ಅಂಟಿ ಹಲಗೆಯಾಗುತ್ತದೆ. ಬಿಡಿಸಲು ಹೋದರೆ ಒಬ್ಬನ ಮುಖ ಇನ್ನೊಬ್ಬನ ಪ್ಯಾಡಿನ ಮೇಲೆ. ಉಳಿದದ್ದು ಒರಲೆಗೆ. ಇದೇ ಹವೆಯಲ್ಲಿ, ಇದೇ ಮೂಡುಬಿದಿರೆಯಲ್ಲಿ, ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಳೆಗರಿಗಳು ಗುರುಬಸದಿಯಲ್ಲಿ ಶತಮಾನಗಳ ಕಾಲ ಉಳಿದುಕೊಂಡವು ಎಂಬುದನ್ನು ನೆನೆದರೆ ನಗು ಬರುತ್ತದೆ. ಅವಕ್ಕೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಕಾಯುವವರಿದ್ದರು. ನಮ್ಮ ಮರಡೋನನಿಗೆ ಅನ್ನದ ಅಗುಳು. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿನಲ್ಲಿ ಹಳೆಯ ಕಾಲದ ನೂರೆಂಟು ವಸ್ತುಗಳಿವೆ, ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಬದುಕು ವಸ್ತು ಸಂಗ್ರಹಾಲಯದಲ್ಲಿ ಪ್ರೊ. ತುಕಾರಾಂ ಪೂಜಾರಿಯವರು ಅಡುಗೆಮನೆಯ, ಗದ್ದೆಯ ಸಾಮಾನನ್ನೆಲ್ಲ ಒಟ್ಟು ಮಾಡಿ ಇಟ್ಟಿದ್ದಾರೆ. ಬೀಡಿ ಕತ್ತರಿಯ ಪಕ್ಕದಲ್ಲಿ ಅದರಿಂದ ಕತ್ತರಿಸಿದ ಒಂದು ರೋಜರ್ ಬಿನ್ನಿ ಇಟ್ಟರೆ ತಪ್ಪಾಗಲಾರದು. ಅವನು 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ತೆಗೆದವನು, ಆ ಕೂಟದಲ್ಲೇ ಎಲ್ಲರಿಗಿಂತ ಹೆಚ್ಚು.

ಈಗಿನ ಹುಡುಗರಿಗೆ ಕೂಡಿಡುವ ಆಸೆಯೇ ಇಲ್ಲ ಎಂದು ಹೇಳಲಾರೆ. ಮೂರು ನಾಲ್ಕು ವರ್ಷದ ಹಿಂದೆ ಎನ್‌ಎಫ್‌ಟಿ ಎಂಬ ಹೆಸರಿನಲ್ಲಿ ಕ್ರಿಕೆಟಿಗರ ಡಿಜಿಟಲ್ ಕಾರ್ಡು ಬಂದು ಗದ್ದಲವೆಬ್ಬಿಸಿ ತಣ್ಣಗಾಯಿತು. ಹನ್ನೊಂದು ಜನರ ಹೆಸರು ಆಯ್ದು ಫೋನಿನಲ್ಲೇ ತಂಡ ಕಟ್ಟಿ ದುಡ್ಡು ಹಾಕುವ ಆಟ 2025ರ ಆಗಸ್ಟಿನಲ್ಲಿ ಕಾನೂನು ಬರುವ ತನಕ ಜೋರಾಗಿಯೇ ಇತ್ತು. ಅಲ್ಲೂ ಸರಾಸರಿ, ಸ್ಟ್ರೈಕ್ ರೇಟು ಬಾಯಿಪಾಠ. ಟ್ರಂಪ್ ಕಾರ್ಡಿನಲ್ಲಿ ಸೋತರೆ ಕಾರ್ಡು ಹೋಗುತ್ತಿತ್ತು, ಇಲ್ಲಿ ಅಪ್ಪನ ಖಾತೆ.

ಆದರೆ ಚಳಿಗಾಲ ಕಾಲಿಟ್ಟ ಕೂಡಲೇ ಈ ಕಡೆ ಬೇರೆಯದೇ ಸಂಗ್ರಹವೊಂದು ತೆರೆದುಕೊಳ್ಳುತ್ತದೆ. ಹೊಕ್ಕಾಡಿಗೋಳಿ, ಮೂಡುಬಿದಿರೆ, ವೇಣೂರು ಎಂದು ಕಂಬಳ ಶುರುವಾದರೆ ಏಳನೇ ಕ್ಲಾಸಿನ ಮಾಣಿಗೆ ಯಾವ ಜೋಡಿ ಯಾರದು, ಓಡಿಸುವವ ಯಾರು, ಕಳೆದ ವಾರ ಎಷ್ಟು ಸೆಕೆಂಡು ಎಲ್ಲ ಗೊತ್ತು. ಕೋಣಗಳ ಚಿತ್ರ ಫ್ಲೆಕ್ಸಿನಲ್ಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ. ಸ್ಟೇಟಸ್ಸಿಗೆ ಆಯುಸ್ಸು ಒಂದೇ ದಿನ, ಫ್ಲೆಕ್ಸು ಕಂಬಳ ಮುಗಿದ ಮೇಲೆ ಕೊಟ್ಟಿಗೆಗೆ ಹೊದಿಕೆ. ಇದಕ್ಕಿಂತ ಹದವಾಗಿ ಕಾರ್ಡಿಗೆ ಒಗ್ಗುವ ಆಟ ಇನ್ನೊಂದಿಲ್ಲ. ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ಆರು ವಿಭಾಗ ತಯಾರಾಗಿಯೇ ಇವೆ. ಊರೂರಿನಲ್ಲಿ ಅಚ್ಚುಕೂಟಗಳಿವೆ, ಮದುವೆ ಕಾಗದ ಅಚ್ಚು ಹಾಕುವ ರಟ್ಟೇ ಸಾಕು.

ತೊಡಕಿರುವುದು ಕಾರ್ಡಿನ ಹಿಂಬದಿಯಲ್ಲಿ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮೂಡುಬಿದಿರೆ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿದವರಿಗೆ 9.55 ಬಂತು, ಉಸೇನ್ ಬೋಲ್ಟನ 9.58ಕ್ಕಿಂತ ಕಡಿಮೆ, ದೇಶವೆಲ್ಲ ಹುಚ್ಚೆದ್ದಿತು. ಕೋಣಗಳ ವೇಗ ಇದ್ದದ್ದರಿಂದ ತನಗೆ ಆ ಓಟ ಎಂದು ಗೌಡರೇ ಹೇಳಿದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61ರಲ್ಲಿ ಮುಗಿಸಿದರು, ಇಳಿಸಿದರೆ 9.51. ಒಂದು ಕರೆಯ, ಅಂದರೆ ಓಟದ ಗದ್ದೆಯ, ಉದ್ದ ಇನ್ನೊಂದಕ್ಕಿಲ್ಲ, ಕೆಸರಿನ ಹದವೂ ಒಂದೇ ಅಲ್ಲ. ಹೀಗಿರುವಾಗ ಹಿಂಬದಿಯಲ್ಲಿ ಯಾವ ಅಂಕಿ ಅಚ್ಚು ಹಾಕುವುದು? ಮೊದಲ ಕಟ್ಟು ಬಸ್ಸಿಳಿಯುವ ಮೊದಲೇ ಅಶ್ವತ್ಥಪುರದವರಿಗೂ ಬಜಗೋಳಿಯವರಿಗೂ ಜಟಾಪಟಿ ಗ್ಯಾರಂಟಿ, ಇಬ್ಬರ ನಡುವೆ ಕೋಣದ ಯಜಮಾನರು ಬಂದು "ಓಡಿದ್ದು ನಮ್ಮ ಕೋಣ, ಚಿತ್ರ ದೊಡ್ಡದು ಅದರದ್ದೇ ಇರಲಿ" ಎನ್ನದಿದ್ದರೆ ಕೇಳಿ.