ಗವಾಕ್ಷದ ನಡುಗಂಬ

ಕಿಟಕಿಯ ನಡುಗಂಬವು ಬೆಳಕಿಗೆ ಅಡ್ಡಿಯೆಂದು ತೋರುವುದು ಸಹಜ. ಇಂಗ್ಲೆಂಡಿನ ಯಾರ್ಕ್ ನಗರದ ಮಹಾದೇವಾಲಯದ ಪೂರ್ವಗವಾಕ್ಷವನ್ನು ವಿಚಾರಿಸಿದರೆ ಈ ಭ್ರಾಂತಿಯು ಹರಿಯುವುದು. 1405ರಿಂದ 1408ರವರೆಗೆ ಜಾನ್ ಥಾರ್ನ್‌ಟನ್ ಎಂಬ ಕುಶಲಿಯು ಅದರ ಬಣ್ಣದ ಗಾಜನ್ನು ರಚಿಸಿದನು. ಆ ಗಾಜೆಲ್ಲ ಚಿಕ್ಕ ಚಿಕ್ಕ ತುಂಡು; ಕೂಡಿಸಿದ್ದು ಮೆತ್ತನೆಯ ಸೀಸದ ಪಟ್ಟಿಯಿಂದ. ಅಷ್ಟು ವಿಶಾಲವಾದ ತೆರಪಿನಲ್ಲಿ ಅದು ಗಾಳಿಗೆ ತಾನಾಗಿ ನಿಲ್ಲುವುದುಂಟೆ? ಆದುದರಿಂದ ಎಂಟು ಕಲ್ಲುಗಂಬಗಳು ನೆಟ್ಟಗೆ ನಿಂತು, ತೆರಪನ್ನು ಒಂಬತ್ತು ಅಂಕಣಗಳಾಗಿ ವಿಭಾಗಿಸಿವೆ. ಅವನ್ನು ಕಿತ್ತರೆ ಬೆಳಕು ಹೆಚ್ಚದು, ಗಾಜೇ ಉಳಿಯದು! ಪ್ರಾತಃಕಾಲದ ಪೂಜೆಯೂ ಕಾಯಕದ ಕಟ್ಟಳೆಯೂ ಸಂಸಾರಸುಖಕ್ಕೆ ಅಡ್ಡಿಯೆಂದು ಅವನ್ನು ಬಿಡಹೊರಡುವ ಗೃಹಸ್ಥನು ಆ ಕಂಬಗಳನ್ನು ನೆನೆಯಲಿ. ನೋಡುವವರು ಬಣ್ಣವನ್ನು ಹೊಗಳುವರು, ಕಂಬವನ್ನು ಕೇಳುವವರಾರು? ಜೀರ್ಣೋದ್ಧಾರಕ್ಕಾಗಿ ಕಳಚಿದ್ದ 311 ಫಲಕಗಳು 2018ರ ಹೊತ್ತಿಗೆ ಮರಳಿ ಕಂಬಗಳ ನಡುವೆಯೇ ಕುಳಿತವು.