ಅರಳುಮರಳೋ, ವಿಷಾದವೋ?

ಅರವತ್ತಕ್ಕೆ ಅರಳುಮರಳೆಂಬ ಗಾದೆಯು ನಮ್ಮ ಜನರ ನಾಲಗೆಯ ತುದಿಯಲ್ಲಿಯೇ ಇರುವುದು. ಅಕ್ಕಿಆಲೂರಿನ ಯಾವುದಾದರೊಂದು ಮನೆಯಲ್ಲಿ ಪತ್ನಿಯನ್ನು ಕಳೆದುಕೊಂಡ ಹಿರಿಯರೊಬ್ಬರು ಊಟವನ್ನು ಕಡಿಮೆಮಾಡಿ, ಗದ್ದೆಯ ಕಡೆಗೆ ಹೋಗುವುದನ್ನೂ ಬಿಟ್ಟು, ಕೇಳಿದುದಕ್ಕೆಲ್ಲ ‘ನೆನಪಿಲ್ಲ’ ಎನ್ನತೊಡಗಿದರೆಂದು ಭಾವಿಸೋಣ. ಮನೆಯವರು ಆ ಗಾದೆಯಿಂದಲೇ ಪರೀಕ್ಷೆಯನ್ನು ಮುಗಿಸಿಬಿಡುವರು. ಮರುದಿನದಿಂದ ಹೊಲದ ಲಾವಣಿಯಾಗಲಿ, ಮೊಮ್ಮಗಳ ಸಂಬಂಧವಾಗಲಿ, ಅವರನ್ನು ಕೇಳುವವರಿಲ್ಲ. ವಿಚಾರಿಸದೆ ಕೊಟ್ಟ ಈ ತೀರ್ಪು ನ್ಯಾಯವೇ?

ಸ್ಮೃತಿಯು ನಶಿಸುವುದು ಬೇರೆ, ವಿಷಾದದಿಂದ ಮುಸುಕುವುದು ಬೇರೆ. ಕುರುಕ್ಷೇತ್ರದಲ್ಲಿ ಅರ್ಜುನನ ಬಾಯಿ ಒಣಗಿತು, ಗಾಂಡೀವವು ಕೈಯಿಂದ ಜಾರಿತು. ಆದರೆ ಧನುರ್ವಿದ್ಯೆಯು ಅವನನ್ನು ಬಿಟ್ಟುಹೋಗಿರಲಿಲ್ಲ. 1961ರಲ್ಲಿ ಕಿಲೋ ಎಂಬ ಮನೋವೈದ್ಯರು ಮರೆವಿನ ವೇಷವನ್ನು ಧರಿಸಿ ಬರುವ ಇಂತಹ ವ್ಯಾಧಿಗಳನ್ನು ಕುರಿತು ಬರೆದರು. ವಿಷಾದಗ್ರಸ್ತರ ಮರೆವಿಗೆ ಬಹುಶಃ ಒಂದು ಆರಂಭವಿರುವುದು. ಯುಗಾದಿಯ ವೇಳೆಗೆ ಸರಿಯಾಗಿದ್ದರು, ಕಾರಹುಣ್ಣಿಮೆಗೆ ಹೀಗಾದರು ಎಂದು ಮನೆಯವರು ಹೇಳಬಲ್ಲರು. ಅವರು ತಮ್ಮ ಮರೆವನ್ನು ತಾವೇ ದೂರುವರು, ನಸುಕಿಗೆ ಮುಂಚೆ ಎಚ್ಚತ್ತು ಕುಳಿತಿರುವರು, ‘ನಾನು ಯಾರಿಗೂ ಬೇಡವಾದೆ’ ಎನ್ನುವರು. ಡಿಮೆನ್ಶಿಯಾ ಎಂಬ ನಿಜವಾದ ಮರೆವಿನ ರೋಗವಾದರೋ ವರ್ಷಗಟ್ಟಲೆ ತೆವಳುತ್ತ ಬರುವುದು. ಅದಕ್ಕೆ ಸಿಕ್ಕಿದವರು ಮರೆತುದನ್ನು ಅನೇಕವೇಳೆ ಅರಿಯರು. ಉಂಡು ಕೈ ತೊಳೆದ ಮೇಲೆ ಊಟವನ್ನೇ ಬಡಿಸಲಿಲ್ಲವೆಂದು ಜಗಳವಾಡುವರು, ಹುಟ್ಟಿದ ಓಣಿಯಲ್ಲಿಯೇ ದಾರಿ ತಪ್ಪುವರು.

ಇಷ್ಟಾದರೂ ಈ ಗೆರೆಯು ಅಂಗಳದ ರಂಗವಲ್ಲಿಯಂತೆ ಸ್ಪಷ್ಟವಲ್ಲ. ಎರಡೂ ಒಬ್ಬರಲ್ಲಿಯೇ ಸೇರಿರಬಹುದು. ಮುಪ್ಪಿನಲ್ಲಿ ಮೊದಲಬಾರಿಗೆ ಬಂದ ವಿಷಾದವು ಕೆಲವೊಮ್ಮೆ ಮರೆವಿನ ಮುನ್ಸೂಚನೆಯೂ ಆಗಿರಬಹುದು. ಥೈರಾಯ್ಡ್ ಗ್ರಂಥಿಯ ದೋಷ, ಬಿ12 ಜೀವಸತ್ವದ ಕೊರತೆ, ಬರಿಯ ಕಿವುಡುತನ, ಇವುಗಳೂ ಕಣ್ಣು ಮರೆಸುವುವು. ಆದುದರಿಂದ ಮನೆಯವರು ತಾವೇ ವೈದ್ಯರಾಗುವುದು ಸಲ್ಲದು.

ಆದರೆ ವೈದ್ಯರಲ್ಲಿಗೆ ಹೋಗಲು ಲಜ್ಜೆಯು ಅಡ್ಡಬರುವುದು. 1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆಯು ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿದೆ. ಜನರ ಬಾಯಲ್ಲಿ ಮಾತ್ರ ಹುಚ್ಚಾಸ್ಪತ್ರೆಯೆಂಬ ಹಳೆಯ ಹೆಸರು ಇನ್ನೂ ಅಳಿದಿಲ್ಲ. ಮನೆತನದ ಮಾನಕ್ಕಂಜಿ, ಔಷಧದಿಂದಲೂ ಸಮಾಧಾನದ ಮಾತಿನಿಂದಲೂ ಕೆಲವು ವಾರ ತಿಂಗಳುಗಳಲ್ಲಿ ಚೇತರಿಸಿಕೊಳ್ಳಬಹುದಾದ ತಂದೆಯನ್ನು ಪಡಸಾಲೆಯ ಮೂಲೆಯಲ್ಲಿ ಕೂರಿಸುವುದು ಯಾವ ಮಾನ? ಇನ್ನು ಅದು ನಿಜವಾದ ಮರೆವೇ ಆಗಿದ್ದರೂ, ಹೆಸರುಗಳು ಮರೆತುಹೋದ ಮೇಲೆಯೂ ಅವಮಾನವು ತಟ್ಟದೆ ಇರದು.

ಹೋಗುವಾಗ ಮರೆವು ಯಾವ ತಿಂಗಳಿನಿಂದ ಕಂಡಿತು, ಸಾವಿಗೆ ಮೊದಲೋ ಅನಂತರವೋ, ನಿದ್ರೆ ಹೇಗಿದೆ, ನಿತ್ಯ ಯಾವ ಗುಳಿಗೆಗಳನ್ನು ನುಂಗುವರು ಎಂಬುದನ್ನು ಒಂದು ಕಾಗದದಲ್ಲಿ ಬರೆದೊಯ್ಯಬೇಕು. ಮತ್ತು ವೈದ್ಯರು ಕೇಳಿದ ಪ್ರಶ್ನೆಗೆ ಹಿರಿಯರು ಉತ್ತರಿಸುವ ಮೊದಲು ಮಗನು ಬಾಯಿ ಹಾಕದಿರಬೇಕು.